ಹಿಂದ ಹಾಡುವವಳು

“ಠಾಣೆ ಮುಂದ ಇನ್ನೂರು ಮಂದಿ ಕೂಡ್ಯಾರ. ನೀ ಒಬ್ಬಾಕಿನೇ ಅಧಿಕಾರಿ. ಏನ್ ಮಾಡ್ತಿ?”

“ಇನ್ನೂರು ಮಂದಿ ಕೂಡ್ಯಾರ, ನಾ ಒಬ್ಬಾಕಿನೇ ಅಧಿಕಾರಿ, ಏನ್ ಮಾಡ್ತೀನಿ ಅಂದ್ರ…”

ಅಬ್ದುಲ್ ಮಜೀದ ಚಾಚಾ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಬೇಟಾ, ನಾ ಬಡಿಸಿದ ರೊಟ್ಟಿ ತಿರುಗಿ ನನ್ನ ತಾಟಿಗೇ ಹಾಕಾಕತ್ತೀಯಲ್ಲ. ನೀ ಯಾವಾಗ ಉಣ್ಣಾಕಿ?”

ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಮಾಣಿಕಮ್ಮ ನಕ್ಕಳು. ಅವಳ ಮೊಮ್ಮಗಳು ಅಂಬುಜಾ ನಗಲಿಲ್ಲ. ಡಿವೈಎಸ್ಪಿ ಹುದ್ದೆಯ ಸಂದರ್ಶನಕ್ಕೆ ಇನ್ನು ಒಂಬತ್ತೇ ದಿನ ಉಳಿದಿದ್ದವು. ಹಿಂದಿನ ಸಲವೂ ಬರೆಯುವ ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ಬಂದು, ಬೆಂಗಳೂರಿನ ಆ ತಣ್ಣನೆಯ ಕೋಣೆಯಲ್ಲಿ ಕುಂತಾಗ ಎಲ್ಲ ಹೋಗಿತ್ತು. ಪ್ರತಿ ಪ್ರಶ್ನೆಯನ್ನೂ ಒಮ್ಮೆ ತಿರುಗಿ ಹೇಳಿದ್ದಳು. ಸದಸ್ಯರೊಬ್ಬರು “ನಮಗೆ ಪ್ರಶ್ನೆ ಗೊತ್ತು, ಉತ್ತರ ಹೇಳಿ” ಅಂದಮೇಲೆ ಬಾಯಿ ಕಟ್ಟಿಬಿಟ್ಟಿತ್ತು. ಮೂರು ಅಂಕದಲ್ಲಿ ಹುದ್ದೆ ತಪ್ಪಿತ್ತು. ಈ ಸಲವೂ ತಪ್ಪಿದರೆ, ಮುಂದಿನ ಪರೀಕ್ಷೆ ಬರುವಷ್ಟರಲ್ಲಿ ವಯಸ್ಸು ಮುಗಿಯುತ್ತದೆ. ಆಮೇಲೆ ಈಗಿರುವ ಚಿಂಚೋಳಿಯ ತಾಲೂಕು ಕಚೇರಿಯ ಗುಮಾಸ್ತೆಯ ಕುರ್ಚಿ, ಸಂಜೆ ಮನೆಗೆ ಸೇಡಂ ಬಸ್ಸು, ಅಷ್ಟೇ.

ಈ ಚಟ ಎಲ್ಲಿಂದ ಬಂತೆಂದು ಓಣಿಯಲ್ಲಿ ಎಲ್ಲರಿಗೂ ಗೊತ್ತು. ಕಾಗಿಣಾ ನದಿಯಲ್ಲಿ ಹರಿಗೋಲು ಹಾಕುತ್ತಿದ್ದ ಮನೆತನ ಇವರದು. ಮಾಣಿಕಮ್ಮನ ಮಾವ ಜನರನ್ನು ದಾಟಿಸುತ್ತ ಕಟ್ಟಿದ ಪದಗಳು ಆ ಮನೆಯ ಬಾಯಲ್ಲಷ್ಟೇ ಉಳಿದಿವೆ. ಸೇತುವೆ ಆಗಿ ಹರಿಗೋಲು ಹೋಯಿತು, ಪದ ಹೋಗಲಿಲ್ಲ. ಸೋಮವಾರಕ್ಕೊಮ್ಮೆ ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಮಾಣಿಕಮ್ಮ ಏಕತಾರಿ ಹಿಡಿದು ಮುಂದ ಹಾಡುತ್ತಾಳೆ. ಐದು ವರ್ಷದವಳಿದ್ದಾಗಿನಿಂದ ಅಂಬುಜಾ ತಾಳ ಹಿಡಿದು ಹಿಂದ ಹಾಡುತ್ತಾಳೆ. ಮುಂದಿನವರು ಬಿಟ್ಟ ಸಾಲಿನ ತುದಿ ಹಿಡಿದು ತಿರುಗಿ ಹೇಳುವುದೇ ಹಿಂದ ಹಾಡುವುದು. ಇಪ್ಪತ್ತೇಳು ವರ್ಷ ಹಾಗೆ ಹಾಡಿದವಳ ನಾಲಿಗೆ ಮಾತಿನಲ್ಲೂ ಅದೇ ದಾರಿ ಹಿಡಿದಿತ್ತು. ಬಸ್ಸಿನಲ್ಲಿ ಕಂಡಕ್ಟರ್ “ಎಲ್ಲಿಗ್ರಿ?” ಅಂದರೆ “ಎಲ್ಲಿಗಂದ್ರ, ಚಿಂಚೋಳಿಗ್ರಿ” ಅನ್ನುವವಳು.

ಚಾಚಾ ಪಕ್ಕದ ಮನೆಯವರು, ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಇಪ್ಪತ್ತು ವರ್ಷ ಬೇರೆ ಬೇರೆ ಠಾಣೆಗಳಲ್ಲಿ ರೈಟರ್ ಆಗಿ ದೂರು ಬರೆದವರು. ಈ ಚಟ ಬಿಡಿಸಲು ಅವರೊಂದು ಉಪಾಯ ಮಾಡಿದರು. ಹುರಿದ ಶೇಂಗಾದ ತಾಟು ನಡುವೆ ಇಟ್ಟು, ಅವಳು ಒಮ್ಮೆ ಪ್ರಶ್ನೆ ತಿರುಗಿ ಹೇಳಿದರೆ ತಾವೊಂದು ಶೇಂಗಾ ತಿನ್ನುವುದು. ಮೊದಲ ದಿನ ತಾಟು ಖಾಲಿಯಾಯಿತು.

“ಹಿಂಗ ಆದ್ರ ನಿಮ್ಮ ಬೇಗಂ ರಾತ್ರಿ ಉಣ್ಣಲಿಲ್ಲ ಅಂತ ನಿಮ್ಮನ್ನ ಬೈತಾಳ್ರಿ ಜಮಾದಾರ್ರ,” ಅಂದಳು ಮಾಣಿಕಮ್ಮ.

“ನಿನ್ನ ಮೊಮ್ಮಗಳೇ ಉಣ್ಣಿಸಾಕತ್ಯಾಳ. ನಾ ಏನ್ ಮಾಡ್ಲಿ?”

ಮೂರನೆಯ ದಿನ ತಾಟು ತುಂಬಿಯೇ ಉಳಿಯಿತು. ಆದರೆ ಚಾಚಾನ ಮುಖ ಸಣ್ಣದಾಗಿತ್ತು. ಅಂಬುಜಾ ಪ್ರಶ್ನೆಯನ್ನು ತಿರುಗಿ ಹೇಳಲಿಲ್ಲ, ಉತ್ತರವನ್ನೂ ಹೇಳಲಿಲ್ಲ. ಕೇಳಿದಾಗಲೆಲ್ಲ ತುಟಿ ಒತ್ತಿಹಿಡಿದು, ಫರ್ಸಿ ಕಲ್ಲಿನ ಸಂದನ್ನು ನೋಡುತ್ತ ಕುಂತಳು. ಎಲ್ಲ ಗೊತ್ತಿತ್ತು ಅವಳಿಗೆ, ಕಾಯ್ದೆಯ ಕಲಮುಗಳ ಸಂಖ್ಯೆಯ ಸಮೇತ. ತಿರುಗಿ ಹೇಳದೆ ಹೊರಡಲು ಮಾತಿಗೆ ಮೆಟ್ಟಿಲೇ ಇರಲಿಲ್ಲ.

“ನನ್ನ ಕೈಲಿ ಆಗಂಗಿಲ್ಲ ಚಾಚಾ,” ಅಂದಳು. “ಹೋಗೂದೇ ಬ್ಯಾಡ ಅನಸ್ತದ.”

ಮಾಣಿಕಮ್ಮ ಬೇಳೆಯ ಮೊರ ಕೆಳಗಿಟ್ಟಳು.

ಮರುದಿನ ಸೋಮವಾರ. ಗುಡಿಯ ಕಟ್ಟೆಯ ಮೇಲೆ ಎಂಟು ಹತ್ತು ಮಂದಿ ಸೇರಿದ್ದರು. ಚಾಚಾ ಎಂದಿನಂತೆ ಬೇವಿನ ಗಿಡದ ಕೆಳಗೆ ತಮ್ಮ ಕುರ್ಚಿ ಹಾಕಿಸಿಕೊಂಡಿದ್ದರು. ಅಂಬುಜಾ ತಾಳಕ್ಕೆ ಕೈ ಹಾಕಿದಾಗ ಮಾಣಿಕಮ್ಮ ಅದನ್ನು ತಾನು ತೆಗೆದುಕೊಂಡು, ಏಕತಾರಿಯನ್ನು ಅವಳ ತೊಡೆಯ ಮೇಲಿಟ್ಟಳು.

“ಇವತ್ತ ನೀ ಮುಂದ.”

“ಆಯಿ, ನಂಗ ಬರಂಗಿಲ್ಲ.”

“ಇಪ್ಪತ್ತೇಳು ವರ್ಷ ಅರ್ಧರ್ಧ ಹಾಡೀದಿ. ಉಳಿದ ಅರ್ಧ ಕಿವಿಯೊಳಗ ಅದ. ತಗೀ.”

ಪದ ಕೇಳಲು ಬಂದಿದ್ದ ಓಣಿಯ ಪೀರಮ್ಮ ಬಾಯಿಗೆ ಸೆರಗು ಹಿಡಿದಳು. ಮಾಣಿಕಮ್ಮ ಆ ಏಕತಾರಿಯನ್ನು ಒರೆಸಲಿಕ್ಕೂ ಮತ್ತೊಬ್ಬರಿಗೆ ಕೊಟ್ಟವಳಲ್ಲ.

ಅಂಬುಜಾ ತಂತಿ ಮೀಟಿದಳು. ದನಿ ಸಣ್ಣಗೆ ಹೊರಗೆ ಬಂತು.

“ಹರಿಯುವ ನೀರಿಗೆ ಹೆಸರು ಯಾರಿಟ್ಟರು…”

“ಹೆಸರು ಯಾರಿಟ್ಟರು,” ಅಂದಳು ಮಾಣಿಕಮ್ಮ ಹಿಂದಿನಿಂದ. ಹಾಗೆ ಅಂದು, ತಾಳ ಹಾಕುತ್ತ ಕಾದಳು.

ಮುಂದಿನ ಸಾಲು ಬರಲಿಲ್ಲ. ಮುದುಕಿ ಹೇಳಿಕೊಡಲೂ ಇಲ್ಲ. “ಹೆಸರು ಯಾರಿಟ್ಟರು” ಎಂದು ಮತ್ತೊಮ್ಮೆ ಅಂದಳು, ಮತ್ತೂ ಒಮ್ಮೆ, ಎಷ್ಟು ಹೊತ್ತಾದರೂ ದಂಡೆಯ ಮೇಲೆ ನಿಂತಿರುತ್ತೇನೆ ಅನ್ನುವ ಹಾಗೆ.

“ದಾಟಿದವರು ಇಟ್ಟರು ತಾಯಿ, ಕಾಲು ತೋಯಿಸಿಕೊಂಡವರು,” ಎಂದಳು ಅಂಬುಜಾ ಕೊನೆಗೆ.

ಪದ ಮುಗಿದ ಮೇಲೆ ಮಾಣಿಕಮ್ಮ ಅವಳ ಬೆವೆತ ಕೈ ಹಿಡಿದುಕೊಂಡಳು. “ನಾ ಹಿಂದಿಂದ ಅಂದಾಗ ನಿಂಗ ಏನನಸ್ತು?”

“ನನ್ನ ಸಾಲು ನಿನಗ ಮುಟ್ಟೇದ ಅನಸ್ತು.”

“ಅಷ್ಟೇ ಅದು. ತಿರುಗಿ ಹೇಳೂದು ತಪ್ಪಲ್ಲ ಮಗಳ. ನಿನ್ನ ಮಾತು ನಂಗ ಮುಟ್ಟೇದ ಅಂತ ಹೇಳೂದು. ಆದ್ರ ಅಷ್ಟಕ್ಕೇ ನಿಂತ್ರ ಪದ ನಿಲ್ತದ. ಮುಂದಿನ ಸಾಲು ನಿಂದು.”

ಬೇವಿನ ಗಿಡದ ಕೆಳಗೆ ಚಾಚಾ ತಲೆ ತಗ್ಗಿಸಿ ಕುಂತಿದ್ದರು. ಎಲ್ಲರೂ ಎದ್ದು ಹೋದ ಮೇಲೆ ಅಂಬುಜಾಳನ್ನು ಕರೆದರು.

“ಶೇಂಗಾದ ಆಟ ಬಂದ್ ಮಾಡೋಣ ಬೇಟಾ. ನಾನೇ ತಪ್ಪ ಮಾಡಿದೆ.” ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು. “ದೂರು ಬರಕೊಂಡ ಮ್ಯಾಲ ಬಂದವರಿಗೆ ಅದನ್ನ ಓದಿ ಹೇಳಬೇಕು. ಕಾಯ್ದೆನೇ ಅದ. ಒಂದಿನ ಒಬ್ಬ ಹೆಣ್ಣುಮಗಳು ಬಂದಿದ್ಲು. ನಮಾಜಿನ ಹೊತ್ತಾಗಿತ್ತು, ನಾ ಓದಿ ಹೇಳದೇ ಹೆಬ್ಬೆಟ್ಟು ಒತ್ತಿಸಿದೆ. ಹೋಗೂ ಮುಂದ ಆಕಿ ಮೆಲ್ಲಗ ಏನೋ ಅಂದ್ಲು. ನಾ ಪೆನ್ನ ಮುಚ್ಚಿದ್ದೆ. ಏನಂದ್ಲು ಅನ್ನೂದು ಇವತ್ತಿಗೂ ಗೊತ್ತಿಲ್ಲ. ಆ ನಮಾಜು ನಂಗ ದಕ್ಕೇದೋ ಇಲ್ಲೋ ಅಲ್ಲಾನೇ ಬಲ್ಲ.”

ಅಂಬುಜಾ ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕುಂತಳು. “ಓದಿ ಹೇಳಿದ್ರ ಆಕಿ ಇನ್ನೊಮ್ಮೆ ಅಂತಿದ್ಲು,” ಅಂದಳು.

“ಹ್ಞೂಂ. ಅಂತಿದ್ಲು.”

ಬೆಂಗಳೂರಿನ ಕೋಣೆ ಈ ಸಲವೂ ತಣ್ಣಗಿತ್ತು. ಐದು ಮಂದಿ ಕುಂತಿದ್ದರು. ಬಲಕ್ಕಿದ್ದ ನರೆಗೂದಲಿನ ಸದಸ್ಯೆ ಕೇಳಿದರು: “ಓದುಬರಹ ಬಾರದ ಒಬ್ಬ ಮಹಿಳೆ ಠಾಣೆಗೆ ಬಂದು ಅಳುತ್ತಾ ನಿಲ್ಲುತ್ತಾಳೆ. ಏನು ಮಾಡ್ತೀರಿ?”

“ಓದುಬರಹ ಬಾರದ ಮಹಿಳೆ ಅಳುತ್ತಾ ನಿಂತರೆ…” ಎಂದು ನಾಲಿಗೆ ತಾನಾಗಿ ಹೊರಟಿತು. ನಡುವೆ ಕುಂತಿದ್ದ ಅಧ್ಯಕ್ಷರು ಕಾಗದದಿಂದ ತಲೆ ಎತ್ತಿದರು. “ಕೇಳಿದ್ದನ್ನೇ ಯಾಕಮ್ಮ ಮತ್ತೆ ಹೇಳ್ತೀರಿ?”

ಅಂಬುಜಾ ಒಮ್ಮೆ ಉಸಿರು ತೆಗೆದುಕೊಂಡಳು. ಹೋದ ಸಲ ಇದೇ ಜಾಗದಲ್ಲಿ ನೆಲ ನೋಡಿದ್ದಳು. ಕಿವಿಯಲ್ಲಿ ತಾಳ ಕಾಯುತ್ತಿತ್ತು.

“ನೀವು ಕೇಳಿದ್ದು ನನಗೆ ಸರಿಯಾಗಿ ಮುಟ್ಟಿತೋ ಇಲ್ಲವೋ ಅಂತ ನೋಡಿಕೊಳ್ತೀನಿ ಸರ್. ನಮ್ಮ ಮನೆಯ ರೂಢಿ ಅದು. ಆ ಮಹಿಳೆಯನ್ನು ಮೊದಲು ಕೂಡಿಸ್ತೀನಿ, ನೀರು ಕೊಡ್ತೀನಿ. ಆಕೆ ಹೇಳಿದ್ದನ್ನು ಬರೆಸಿ, ಆಕೆಗೇ ತಿರುಗಿ ಓದಿ ಹೇಳ್ತೀನಿ. ಓದಿದ ಮೇಲೂ ಪೆನ್ನು ಮುಚ್ಚುವುದಿಲ್ಲ. ಮುಖ್ಯವಾದ ಮಾತು ಕೆಲವರಿಗೆ ಕೊನೆಗೆ ಬರ್ತದೆ.”

“ಓದಿದ್ದು ಕೇಳಿ ‘ನಾನು ಹೀಗೆ ಹೇಳಲೇ ಇಲ್ಲ’ ಅಂದರೆ?”

“ತಿದ್ದಿ ಬರೀತೀನಿ ಮೇಡಂ,” ಎಂದಳು ಅಂಬುಜಾ, ಈ ಸಲ ಪ್ರಶ್ನೆಯನ್ನು ತಿರುಗಿ ಹೇಳದೆ. “ಕಾಗದ ನಮ್ಮದು, ಮಾತು ಆಕೆಯದು.”

ಸದಸ್ಯೆ ಏನೋ ಬರೆದುಕೊಂಡರು. ಅಧ್ಯಕ್ಷರು ಮುಂದಿನ ಪ್ರಶ್ನೆ ಕೇಳಿದರು. ಅದರ ಮುಂದಿನದನ್ನೂ.

ಹೊರಗೆ ಬಂದು, ಗೇಟಿನ ಪಕ್ಕದ ಗಿಡದ ನೆರಳಲ್ಲಿ ನಿಂತು ಸೇಡಂಗೆ ಫೋನು ಹಚ್ಚಿದಳು. ಆಯ್ಕೆಯಾದವರ ಪಟ್ಟಿ ಬರಲು ಇನ್ನೂ ತಿಂಗಳು ಬೇಕು. ಆ ಕಡೆ ಮೊದಲು ಕೇಳಿಸಿದ್ದು ಚಾಚಾನ ದನಿ: “ಆ ಸಾಹೇಬ್ರಿಗೆ ಸೆಲ್ಯೂಟ್ ಹೊಡಿಲಿಲ್ಲ ಹೌದಿಲ್ಲ ಕೇಳು. ಟೋಪಿ ಇಲ್ದ ಸೆಲ್ಯೂಟ್ ಹೊಡಿಬಾರ್ದು, ಇನ್ನಾ ಟೋಪಿ ಬಂದಿಲ್ಲ ಆಕಿಗೆ.” ಆಮೇಲೆ ಮಾಣಿಕಮ್ಮ ಫೋನು ಕಸಿದುಕೊಂಡ ಸದ್ದು.

“ಮಾತಾಡಿದೆ ಆಯಿ,” ಅಂದಳು ಅಂಬುಜಾ.

“ಮಾತಾಡಿದಿ,” ಅಂದಳು ಮಾಣಿಕಮ್ಮ.

“ತಿರುಗಿ ಯಾಕ ಹೇಳ್ತಿ ಅಂತ ಕೇಳಿದ್ರು.”

“ಅಂತ ಕೇಳಿದ್ರು.”

ಅಷ್ಟು ಹೇಳಿ ಮುದುಕಿ ಸುಮ್ಮನಾದಳು. ಫೋನಿನೊಳಗೆ ಅವಳ ಉಸಿರು ಕೇಳಿಸುತ್ತಿತ್ತು, ಮುಂದಿನ ಸಾಲಿಗೆ ಕಾಯುವಾಗಿನ ಉಸಿರು. ಅಂಬುಜಾ ಕಣ್ಣೊರೆಸಿಕೊಂಡು, ಗಿಡಕ್ಕೆ ಒರಗಿ, ಮುಂದಿನದನ್ನು ಹೇಳತೊಡಗಿದಳು.