ಒಪ್ಪಿಗೆ ಪಡೆದ ಕಳ್ಳಿ

ಏಲಕ್ಕಿ ಚಹಾದ ಒಗರು ಇನ್ನೂ ನಾಲಿಗೆಗೆ ಅಂಟಿದೆ, ಉಗುಳಬೇಕು, ಬಸ್ಸಿನ ಕಿಟಕಿಯಾಚೆ ಕೋಠಿ ಪೇಟೆಯ ಜನ ತೋಳಿಗೆ ತೋಳು ತಾಗಿಸಿಕೊಂಡು ಹೋಗುತ್ತಿದ್ದಾರೆ, ನುಂಗಿಕೊಂಡೆ — ಆ ಗುರುಸಿದ್ದಪ್ಪ ತಾನೇ ಬಗ್ಗಿಸಿ ಕೊಟ್ಟ ಚಹಾ, ಕುಡಿ ಲಹರಿ, ನಮ್ಮ ಬೀದರ್ ಕಡಿ ಹುಡುಗಿ ನೀ ಅಂದ, ಸುಲ್ತಾನ್ ಬಜಾರಿನಲ್ಲಿ ಚರ್ಮರೋಗದ ಆಸ್ಪತ್ರೆ ಇಟ್ಟ ದೊಡ್ಡ ಮನುಷ್ಯ, ಅವನೇ ಕರೆಸಿದ್ದ, ನಮ್ಮ ಕಂಪ್ಯೂಟರಿನಾಗ ಕಳ್ಳರಂಗ ನುಗ್ಗು, ಎಲ್ಲಿ ತೂತು ಐತಿ ಹೇಳು, ಖರೇ ಕಳ್ಳ ಬರೋಕಿಂತ ಮೊದಲ, ಅದೇ ನನ್ನ ನೌಕರಿ, ಎಥಿಕಲ್ ಹ್ಯಾಕಿಂಗ್ ಎಂದರೆ ಅವ್ವನಿಗೆ ಇನ್ನೂ ತಿಳಿಯದು, ಒಪ್ಪಿಗಿ ತಗೊಂಡು ಕಳುವು ಮಾಡ್ತಿಯೇನ ಅನ್ನುತ್ತಾಳೆ, ಕದಿಯುವುದಿಲ್ಲವ್ವ, ಬಾಗಿಲು ತೆರೆದಿದೆ ಎಂದು ಹೇಳಿ ಬರುತ್ತೇನೆ. ಇಲ್ಲಿ ಬಾಗಿಲೇ ಇರಲಿಲ್ಲ. ರೋಗಿಗೆ ಕಳಿಸುವ ಲಿಂಕಿನ ಕೊನೆಯ ಅಂಕಿ ಬದಲಿಸಿದರೆ ಸಾಕು, ಇನ್ನೊಬ್ಬರ ಫೋಟೋ, ಪಾಸ್‌ವರ್ಡ್ ಇಲ್ಲ, ಏನಿಲ್ಲ, ಹೆಂಗಸರ ಬೆನ್ನು, ಎದೆ, ತೊಡೆ, ಹೆಸರಿನ ಸಮೇತ, ಡಾಕ್ಟರ್ ಒಬ್ಬರೇ ನೋಡುತ್ತಾರೆಂದು ನಂಬಿ ಸೆರಗು ಸರಿಸಿದವರು — ವರದಿಯಲ್ಲಿ ಎಲ್ಲವನ್ನೂ ಮಸುಕು ಮಾಡಿಯೇ ಹಾಕಿದ್ದೆ, ಆದರೆ ಗುರುಸಿದ್ದಪ್ಪನ ಅಣ್ಣನ ಮಗ ದೀಪಕ, ಅಲ್ಲಿಯ ಕಂಪ್ಯೂಟರ್ ನೋಡಿಕೊಳ್ಳುವವನು, ನಂಬೋದು ಹೆಂಗ್ರಿ ಅನ್ನುತ್ತ ತಾನೇ ಟ್ಯಾಬ್‌ನಲ್ಲಿ ಅಂಕಿ ಒತ್ತಿದ, ತೆರೆಯಿತು, ಸುಟ್ಟ ಎದೆ, ಸಾಕ್ರಿ, ಮುಚ್ಚ್ರಿ ಅಂದೆ, ಮುಚ್ಚಲಿಲ್ಲ, ಗುರುಸಿದ್ದಪ್ಪ ಟ್ಯಾಬ್ ತನ್ನೆಡೆ ಎಳೆದುಕೊಂಡು ಫೋಟೋದ ಮೇಲೆ ಎರಡು ಬೆರಳಿಟ್ಟು ಅಗಲಿಸಿದ, ದೊಡ್ಡದಾಯಿತು, ಮತ್ತೆ ಅಗಲಿಸಿದ, ಇಕಿ ನಮ್ಮ ಬ್ಯಾಂಕಿನ ಸುವರ್ಣಾ ಅಲ್ಲೇನೋ, ದೀಪಕ ನಕ್ಕ.

ಇವತ್ತೇ ಬಂದ್ ಮಾಡ್ರಿ ಅಂದೆ, ಸಂಕ್ರಾಂತಿ ಆಗಲಿ, ಇದನ್ನ ಯಾರ್ ನೋಡ್ತಾರ ಅಂದ ಗುರುಸಿದ್ದಪ್ಪ, ಕಣ್ಣು ಅಲ್ಲೇ, ನೀವೇ ನೋಡಾಕತ್ತೀರಲ್ರಿ ಅಂದೆ, ಎದ್ದೆ, ಸಂಜಿಯೊಳಗ ಬಂದ್ ಆಗದಿದ್ರ ಸರ್ಕಾರದ ಸೈಬರ್ ಕಚೇರಿಗೆ ಬರೀತೀನಿ, ಆಗ ಅವನ ಮುಖ ಬಿಗಿಯಿತು, ಹೊರಗ ಹೇಳಂಗಿಲ್ಲಂತ ಸಹಿ ಮಾಡೀ ನೀ ಅಂದ, ಮಾಡಿದ್ದೇನೆ, ಮಾಡಿಯೂ ಬರೆಯುತ್ತೇನೆ — ಬಸ್ಸು ಅಲುಗಿತು, ಮೊಬೈಲಿನಲ್ಲಿ ಲಿಂಕ್ ಒತ್ತಿದೆ, ತೆರೆಯಲಿಲ್ಲ, ಅಂಕಿ ಬದಲಿಸಿದೆ, ತೆರೆಯಲಿಲ್ಲ, ಹೆದರಿದ್ದಾರೆ, ಮುಚ್ಚಿದ್ದಾರೆ, ಗೆದ್ದೆ ಅನ್ನಬೇಕು, ಹೊರಗಿನ ಕಳ್ಳ ಇನ್ನು ಬರಲಾರ, ಒಳಗೆ ಕುಳಿತವನಿಗೆ ಲಿಂಕ್ ಏಕೆ, ಬೀಗದ ಕೈ ಅವನದೇ, ಸುವರ್ಣಾ ಅವರಿಗೆ ಹೇಳಬೇಕು, ನಾಳೆಯೇ ಬ್ಯಾಂಕಿಗೆ ಹೋಗಿ ಹೇಳಬೇಕು, ಏನೆಂದು ಹೇಳಲಿ, ತೂತು ಮುಚ್ಚಿದೆ ಎಂದೇ, ಯಾರೂ ನೋಡಿಲ್ಲ ಎಂದೇ, ಮತ್ತೆ ಅದೇ, ಆ ಎರಡು ಬೆರಳು, ಒಂದಕ್ಕೆ ಹವಳದ ಉಂಗುರ, ಗಾಜಿನ ಮೇಲೆ ಮೆಲ್ಲಗೆ ಅಗಲವಾಗುತ್ತ, ಅಗಲವಾಗುತ್ತ —