ಕೂಸಿಗೆ ಅನಿಮಾ

ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ದೇವಾನಂದ ಮಾಸ್ತರರಿಗೆ ಮಗಳು ಹುಟ್ಟಿದಾಗ, ಸುತ್ತಲಿನ ಯಾವ ಊರಲ್ಲೂ ಇಲ್ಲದ ಹೆಸರೊಂದು ಬೇಕೆನಿಸಿತು. ನಿಘಂಟು ತಿರುವಿ ತಿರುವಿ ಕೊನೆಗೆ ಲ್ಯಾಟಿನ್ನಿನ ಒಂದು ಪದ ಹಿಡಿದರು: ಅನಿಮಾ. ಗಾಳಿ, ಉಸಿರು, ಜೀವ, ಆತ್ಮ ಎಲ್ಲವೂ ಅದರೊಳಗೇ ಇದ್ದವು. ಒಂದು ಹೆಸರಿಗೆ ನಾಲ್ಕು ಅರ್ಥ ಸಿಕ್ಕಿತೆಂದು ಹಿಗ್ಗಿ, ದಂಡೋತಿಯಲ್ಲಿದ್ದ ತಾಯಿ ಪೀರಮ್ಮನಿಗೆ ಫೋನು ಹಚ್ಚಿದರು.

"ಯವ್ವಾ, ಐತಾರ ಕೂಸಿಗಿ ಅನಿಮಾ ಇಡ್ಲಿಕತ್ತೀವಿ. ಮಂದಿಗಿ ಹೇಳು."

ಪೀರಮ್ಮ ಕೇಳಿಸಿಕೊಂಡದ್ದು ಎನಿಮಾ, ಹೊಟ್ಟೆ ಕಟ್ಟಿದವರಿಗೆ ಕೊಡುತ್ತಾರಲ್ಲ, ಅದು. ಗಾಬರಿಯಾಗಿ ಆಕೆ ಎಲ್ಲರಿಗಿಂತ ಮೊದಲು ಹೇಳಿದ್ದು ತನ್ನೂರಿನ ನರ್ಸ್ ಶೈಸ್ತಾಳಿಗೆ; ಯಾರಿಗೆಂದು ಹೇಳುವುದನ್ನು ಮಾತ್ರ ಮರೆತಳು.

ಭಾನುವಾರ ಮಾಸ್ತರರ ಮನೆಯಲ್ಲಿ ತೊಟ್ಟಿಲು ಕಟ್ಟಿ, ಬುದ್ಧವಂದನೆ ಮುಗಿಸಿ, ಮಂದಿಯೆಲ್ಲ ಹೆಸರು ಕೇಳಲು ಕಾದಿದ್ದಾಗ ಶೈಸ್ತಾ ರಬ್ಬರ್ ಕೊಳವೆ, ಡಬ್ಬಿ ಹಿಡಿದು ಒಳಬಂದಳು.

"ಎನಿಮಾ ಯಾರಿಗ್ರಿ?"

"ನನ್ನ ಮಗಳಿಗಿ!" ಎಂದರು ಮಾಸ್ತರರು, ಹೆಮ್ಮೆಯಿಂದ.

"ಹನ್ನೆರಡು ದಿನದ ಕೂಸಿಗಾ? ದಿಮಾಕ್ ಅದನೋ ಇಲ್ಲೋ ನಿಮಗ?"

ಬೆವರೊರೆಸಿಕೊಂಡು ಅವರು ಅರ್ಥ ಬಿಡಿಸತೊಡಗಿದರು. ಆತ್ಮ ಎನ್ನುತ್ತಲೇ, ವಂದನೆ ಹೇಳಿಸಿದ್ದ ದೊಡ್ಡಪ್ಪ ದೇವಿಂದ್ರಪ್ಪ ಕೈಯೆತ್ತಿದ. "ಆತ್ಮ ಇಲ್ಲಂತ ಭಗವಾನ ಬುದ್ಧರು ಹೇಳ್ಯಾರ. ಇಲ್ಲದ್ದನ್ನ ತೊಟ್ಟಿಲಾಗ ಹಾಕಿ ತೂಗ್ಲಿಕ್ಕ ಬಂದೀವೇನಪಾ ನಾವು?"

"ಹಂಗಾರ ಗಾಳಿ ಅಂತ ತಿಳೀರಿ, ದೊಡ್ಡಪ್ಪಾ."

"ಗಾಳೀನಾ?" ಪೀರಮ್ಮ ಕೂಸನ್ನು ಎದೆಗವಚಿಕೊಂಡಳು. "ಗಾಳಿ ಬಡದ್ರ ಬಿಡಸ್ಲಿಕ್ಕ ಮಂದಿ ಊರೂರು ತಿರಗ್ತಾರ. ನೀ ಕರದು ಮನ್ಯಾಗ ಇಟ್ಕೋತೀಯಾ?"

ಇನ್ನು ಉಳಿದದ್ದು ಉಸಿರು ಮತ್ತು ಜೀವ. ಅವನ್ನು ಹೇಳುವಷ್ಟರಲ್ಲಿ ಹೆಂಡತಿ ರಮಾಬಾಯಿ ಎದ್ದು, ಅತ್ತೆಯ ಕೈಯಿಂದ ಕೂಸನ್ನು ಇಸಿದುಕೊಂಡು, ಅದರ ಕಿವಿಯಲ್ಲಿ "ಲುಂಬಿನಿ" ಎಂದಳು. "ಹುಟ್ಟಿದಾಗಿಂದ ನಾ ಹಿಂಗೇ ಕರೀಲಿಕತ್ತೀನಿ. ನೀವು ನಿಘಂಟಿನಾಗ ಇದ್ರಿ."

ಮಂದಿ ಚಪ್ಪಾಳೆ ತಟ್ಟಿದರು. ಮಾಸ್ತರರೂ ತಟ್ಟಿದರು, ಮತ್ತೇನು ಮಾಡಬೇಕು? ಉಳಿದೆರಡು ಅರ್ಥ ಅವರ ಬಾಯಲ್ಲೇ ಉಳಿದವು.

ಶೈಸ್ತಾಳ ಸಿಟ್ಟು ಮಾತ್ರ ಇಳಿದಿರಲಿಲ್ಲ. "ಬಿಸಲಾಗ ಇಷ್ಟು ದೂರ ಹೊತ್ಕೊಂಡು ಬಂದೀನಿ. ಹಂಗೇ ಒಯ್ಲೇನು?"

ದೇವಿಂದ್ರಪ್ಪ ಅತ್ತಿತ್ತ ನೋಡಿ ಆಕೆಯತ್ತ ಸರಿದ. "ನರ್ಸಬಾಯಿ," ಎಂದು ಪಿಸುಗುಟ್ಟಿದ, "ನನಗ ನಾಕು ದಿನಾತು."

ಹುಗ್ಗಿ ಬಡಿಸುವ ಹೊತ್ತಿಗೆ ಒಳಗಿನಿಂದ ಬಂದವನ ಮುಖ ಹುಣ್ಣಿಮೆಯಂತಿತ್ತು. ಮಾಸ್ತರರ ಪಕ್ಕದಲ್ಲೇ ಕುಳಿತು, ಎರಡು ಸಲ ಹಾಕಿಸಿಕೊಂಡು ಉಂಡು, ಅವರ ಬೆನ್ನು ತಟ್ಟಿದ.

"ಹೆಸರು ಭಾಳ ಚಲೋ ಇತ್ತು ನೋಡು, ತಮ್ಮಾ. ಇನ್ನೊಂದು ಕೂಸು ಆದ್ರ ಅದನ್ನೇ ಇಡು."