ಎಡಗಡೆಯ ಬ್ರೇಕು

ಬ್ರೆಡ್ಡಿನ ವಾಸನೆ, ಹೌದು, ಬ್ರೆಡ್ಡೇ, ಹಳೇ ಕಾರುಗಳ ಬೆವರು ಪೆಟ್ರೋಲಿನ ಕಮಟಲ್ಲ, ಕಿಟಕಿ ಇಳಿಸಿದರೂ ಹೋಗುತ್ತಿಲ್ಲ, ಸೀಟಿನ ಬಟ್ಟೆಯೊಳಗೇ ಸೇರಿಕೊಂಡಿದೆ, ಎರಡನೇ ಗೇರು, ಹಾಂ, ಏರು ಶುರುವಾಯಿತು, ಈಗ ಮಾತಾಡು ತಾಯಿ, ನಿನ್ನ ಹೊಟ್ಟೆಯಲ್ಲಿ ಏನಿದೆಯೋ ಈ ಗುಡ್ಡದ ಮುಂದೆ ಹೇಳಿಬಿಡು — ಕೆಳಗೆ ಸಿಯುಮುವಿನ ಸಮುದ್ರದ ರಸ್ತೆಯಲ್ಲಿ ಎಲ್ಲ ಕಾರುಗಳೂ ಸಾಧುಗಳೇ, ನಮ್ಮ ದ್ವೀಪದ ರಾಜಧಾನಿ ಆಪಿಯಾಕ್ಕೆ ಹೋಗುವ ಈ ಗುಡ್ಡ ಹತ್ತುವಾಗಲೇ ಬಣ್ಣ ಬಯಲಾಗುವುದು. ಮೂರು ಲಕ್ಷದ ಎಂಬತ್ತೇಳು ಸಾವಿರ ಕಿಲೋಮೀಟರು. ಆ ಸಂಖ್ಯೆ ಕೇಳಿ ಲಾಫಾಯೆಲೆ ನಕ್ಕುಬಿಟ್ಟ, ಚಂದ್ರನ್ನ ಮುಟ್ಟಿ ಆಯ್ತಲ್ಲೇ ಅದು, ಇನ್ನೇನಿದ್ರೂ ವಾಪಸ್ ಬರೋ ದಾರಿ. ನಗಲಿ, ಗಂಡ ನಕ್ಕು ಎಷ್ಟು ದಿನವಾಗಿತ್ತು, ಕಾಲು ಕತ್ತರಿಸಿದ ಮೇಲೆ ಅವನ ನಗು ಮನೆಯಲ್ಲಿ ಕೇಳಿದ್ದೇ ಅಪರೂಪ. ಹಿಂದಿನ ಸೀಟಿನಲ್ಲಿ ಏನೆಲಿಕೊ ಕೆಮ್ಮುತ್ತಾನೆ, ಕಾರಿನ ಯಜಮಾನ, ಮಾರಲು ಬಂದವನು, ತನ್ನ ಕಾರಿನಲ್ಲಿ ತಾನೇ ಹಿಂದೆ ಕೂತಿದ್ದಾನೆ, ಮುಂದೆ ಬಾರೋ ಎಂದರೆ ಬೇಡ ಚಿಕ್ಕಮ್ಮ, ಇಲ್ಲೇ ಸರಿಯಿದೆ ಅಂದ, ಅಂಗಡಿ ಪಕ್ಕದ ಮನೆಯ ಹುಡುಗನಾಗಿದ್ದಾಗಿನಿಂದ ನೋಡಿದ್ದೇನೆ, ಈಗ ಅವನಿಗೇ ಮೂವರು ಮಕ್ಕಳು, ಸುಳ್ಳು ಹೇಳುವಾಗ ಕಿವಿ ಕೆರೆದುಕೊಳ್ಳುತ್ತಾನೆ, ಇವತ್ತು ಇನ್ನೂ ಕೆರೆದುಕೊಂಡಿಲ್ಲ. ಎಡಗಡೆ ಸೀಟು ಖಾಲಿ. ಅದರ ಮುಂದೆ ನೆಲದ ಮ್ಯಾಟಿನಲ್ಲಿ ಒಂದು ತೂತು, ಹಿಮ್ಮಡಿಯಗಲ, ಓಡಿಸುವವನ ಕಡೆಯಲ್ಲ, ಪಕ್ಕದಲ್ಲಿ ಕೂರುವವನ ಕಡೆ. ಹೊರಡುವಾಗಲೇ ನೋಡಿದೆ, ಬ್ರೇಕಿಲ್ಲದ ಕಡೆ ಮ್ಯಾಟು ಯಾಕೆ ಸವೆಯಬೇಕು, ಇರಲಿ, ಮೊದಲು ಇಂಜಿನ್ನು.

ಇಂಜಿನ್ನು ಏದುಸಿರು ಬಿಡುತ್ತಿಲ್ಲ. ಹಾಡುತ್ತಲೂ ಇಲ್ಲ, ಕೆಲಸ ಗೊತ್ತಿರುವ ಹೆಂಗಸು ಮಾತಾಡದೆ ಬಟ್ಟೆ ಒಗೆಯುವ ಹಾಗೆ ಒಂದೇ ಸಮ ಗುಂಯ್ ಅನ್ನುತ್ತಿದೆ, ನನಗೆ ಈ ಸದ್ದು ಸಾಕು. ಇಪ್ಪತ್ತು ವರ್ಷ ಲಾಫಾಯೆಲೆಯ ಟ್ಯಾಕ್ಸಿಯಲ್ಲಿ ಪಕ್ಕದಲ್ಲಿ ಕೂತವಳು ನಾನು, ಅವನು ಓಡಿಸುತ್ತಿದ್ದ, ನಾನು ಕೇಳುತ್ತಿದ್ದೆ, ಬೆಲ್ಟು ಕಿರುಗುಟ್ಟಿದರೆ ಅವನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು, ನಿನ್ನ ಕಿವಿ ಗ್ಯಾರೇಜಿಗೆ ಮಾರ್‍ಕೊಂಡು ಬಿಡ್ತೀನಿ ನೋಡು ಅನ್ನುತ್ತಿದ್ದ. ಟಕ್ ಟಕ್, ಇದೊಂದು, ಎಡಕ್ಕೆ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದ ಬುಡದಲ್ಲಿ, ಗೊತ್ತು, ಅರ್ಧ ದಿನದ ರಿಪೇರಿ, ನಾನು ಕೇಳುವ ಮೊದಲೇ ಏನೆಲಿಕೊ ತಾನಾಗಿ ಹೇಳಿದ, ಚಿಕ್ಕಮ್ಮ ಎಡಕ್ಕೆ ತಿರುಗಿಸ್ದಾಗ ಸದ್ದು ಬರುತ್ತೆ, ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ನಿಮ್ಮ ಬಾಯಿಗೆ ಬೀಳೋಕೆ ನನ್ ಕೈಲಾಗಲ್ಲ. ತನ್ನ ಕಾರಿನ ರೋಗ ತಾನೇ ಹೇಳುವವನು ಬೇರೆ ರೋಗ ಬಚ್ಚಿಡುವುದಿಲ್ಲ. ಆದರೆ ಫೆರೇಟಿ ಭಾವನಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು, ಗಂಡನ ಅಣ್ಣ, ಇಗರ್ಜಿಯ ಹಿರಿಯ, ಭಾನುವಾರದ ಊಟದಲ್ಲಿ ಟಾರೋ ಗೆಡ್ಡೆಯನ್ನು ಬಾಯಿ ತುಂಬ ಇಟ್ಟುಕೊಂಡೇ ಶುರು, ಪಾದ್ರಿಗಳ ಕಾರು ಇದೆಯಲ್ಲ ಸಿಯೆನಿ, ಅರವತ್ತೆರಡೇ ಸಾವಿರ ಓಡಿರೋದು, ದೇವರ ಕೆಲಸಕ್ಕೆ ಓಡಿರೋ ಕಾರು, ಅವರೇ ಬಾಯಿಬಿಟ್ಟು ತಗೋ ಅಂದಿದಾರೆ, ಬೇಡ ಅನ್ನೋಕೆ ನಿಂಗೆ ಮನಸ್ಸಾದ್ರೂ ಹೇಗೆ ಬರುತ್ತೆ. ಪಾದ್ರಿಗಳು ಒಳ್ಳೆಯವರು, ಅವರ ಕಾರಿನ ಬಗ್ಗೆ ಆ ಮಾತು ಹೇಳಲಾರೆ. ಸಮುದ್ರದ ದಂಡೆಯ ಜೀಗುಜ್ಜೆ ಮರದ ಕೆಳಗೆ ಏಳು ವರ್ಷದಿಂದ ನಿಂತಿದೆ, ವಾರಕ್ಕೊಂದು ಸಲ ಇಗರ್ಜಿಗೆ, ತಿಂಗಳಿಗೊಂದು ಸಲ ಸಾವಿನ ಮನೆಗೆ, ಉಳಿದ ಹೊತ್ತೆಲ್ಲ ಉಪ್ಪುಗಾಳಿ ಕುಡಿಯುತ್ತ ನಿಂತದ್ದು, ಮೇಲೆ ಥಳುಕು ಒಳಗೆ ಹುಳುಕು, ನಾನು ಸೊಂಟಕ್ಕೆ ಸುತ್ತಿದ ಲಾವಲಾವಾ ಎತ್ತಿಕಟ್ಟಿ ನೆಲದ ಮೇಲೆ ಮಲಗಿ ಕೆಳಗೆ ಬೆರಳಿಟ್ಟೆ, ಬೆರಳು ಒಳಗೇ ಹೋಯಿತು, ತಗಡು ಬಿಸ್ಕತ್ತಿನ ಹಾಗೆ ಉದುರಿತು. ಹಿಂದಿನ ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಭಾವ ಹೇಳಿದ, ನೋಡು, ಅದೂ ಆಶೀರ್ವಾದವೇ. ಆ ಮೊಟ್ಟೆ ಬೇಯಿಸಿ ಅವನಿಗೇ ಕೊಟ್ಟೆ.

ನಿಂತ ಕಾರು ಸಾಯುತ್ತದೆ, ಓಡಿದ ಕಾರು ಬದುಕುತ್ತದೆ, ಇಷ್ಟು ಸಣ್ಣ ವಿಷಯ ಗಂಡಸರಿಗೆ ಯಾಕೆ ತಿಳಿಯುವುದಿಲ್ಲವೋ. ಈ ಮೂರು ಲಕ್ಷದ ಎಂಬತ್ತೇಳು ಸಾವಿರವನ್ನು ಹೆದರಿಕೆಯಿಂದ ನೋಡಬಾರದು, ಬಿಚ್ಚಿ ನೋಡಬೇಕು — ಏನೆಲಿಕೊನ ಅಪ್ಪ ಸಿಯಾವೋಸಿ, ಬ್ರೆಡ್ಡಿನ ಸಿಯಾವೋಸಿ ಅಂದರೆ ಈ ದಕ್ಷಿಣ ತೀರದಲ್ಲಿ ಗೊತ್ತಿಲ್ಲದ ಮಗುವಿಲ್ಲ, ಹದಿಮೂರು ವರ್ಷ, ಭಾನುವಾರ ಬಿಟ್ಟು ದಿನಾ, ಬೆಳಗಾಗುತ್ತಲೇ ಆಪಿಯಾದ ಬೇಕರಿಯಿಂದ ಬಿಸಿ ಬ್ರೆಡ್ಡು ತುಂಬಿಕೊಂಡು ಇದೇ ಗುಡ್ಡ ಇಳಿದು, ಊರೂರಿನ ಅಂಗಡಿಗೆ ಹಾಕಿ, ಖಾಲಿ ತಟ್ಟೆಗಳನ್ನು ಗಲಗಲ ಅನ್ನಿಸುತ್ತ ಮತ್ತೆ ಇದೇ ಗುಡ್ಡ ಹತ್ತಿ, ದಿನಕ್ಕೆ ಹತ್ತಿರ ಹತ್ತಿರ ನೂರು ಕಿಲೋಮೀಟರು, ಒಂದು ದಿನ ತಪ್ಪಿದ್ದು ನನಗೆ ನೆನಪಿಲ್ಲ, ತಪ್ಪಿದ್ದರೆ ಊರಿಗೇ ಗೊತ್ತಾಗುತ್ತಿತ್ತು, ಕೋಕೋದಲ್ಲಿ ಅದ್ದಲು ಬ್ರೆಡ್ಡಿಲ್ಲದೆ ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದವೇ. ಬ್ರೆಡ್ಡು ತಪ್ಪದೆ ಬರುತ್ತಿತ್ತು, ಕಾರು ತಪ್ಪದೆ ಬರುತ್ತಿತ್ತು. ನನಗೆ ಬೇಕಾದದ್ದೂ ಅಷ್ಟೇ, ತಪ್ಪಬಾರದು. ಮಂಗಳವಾರ, ಗುರುವಾರ, ಶನಿವಾರ, ಬೆಳಿಗ್ಗೆ ಏಳಕ್ಕೆ ಲಾಫಾಯೆಲೆ ಆಪಿಯಾದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರದ ಪಕ್ಕದ ಕುರ್ಚಿಯಲ್ಲಿ ಇರಲೇಬೇಕು. ಸಕ್ಕರೆ ಕಾಯಿಲೆ ಮೊದಲು ಮೂತ್ರಪಿಂಡ ತಿಂದಿತು, ಆಮೇಲೆ ಬಲಗಾಲು. ಮೂರು ವಾರದ ಹಿಂದೆ ಬಸ್ಸು ಈ ಗುಡ್ಡದ ನಡುವೆ ಕೆಟ್ಟು ನಿಂತಿತು, ಒಂದೇ ಒಂದು ದಿನ ತಪ್ಪಿತು, ರಾತ್ರಿಯ ಹೊತ್ತಿಗೆ ಮುಖ ಊದಿ, ಉಸಿರಿನಲ್ಲಿ ನೀರಿನ ಗೊರಗೊರ, ಮಲಗಲಾರದೆ ಕಂಬ ಹಿಡಿದು ಕೂತೇ ಇದ್ದ, ಸಿಯೆನಿ, ನಂಗೆ ಒಣನೆಲದ ಮೇಲೇ ಮುಳುಗೋ ಹಾಗಾಗ್ತಿದೆ ಕಣೇ. ಆ ಮಾತು ನನ್ನ ಹೊಟ್ಟೆಯಲ್ಲಿ ಕೂತಿದೆ. ಎರಡು ದಿನ ತಪ್ಪಿದರೆ ಅವನಿಲ್ಲ. ನಾನು ಕಾರು ಕೊಳ್ಳಲು ಬಂದಿರುವುದು ಅದಕ್ಕೆ, ಪಾದ್ರಿಗಳ ಮರ್ಯಾದೆ ಉಳಿಸಲಿಕ್ಕಲ್ಲ.

ಇಂಜಿನ್ನಿನ ಶಾಖದ ಮುಳ್ಳು ನಡುವಿನಲ್ಲೇ ನಿಂತಿದೆ, ಅಲುಗಿಲ್ಲ. ಇನ್ನೆರಡು ತಿರುವು. ಇದು ಆ ತಿರುವು, ಬಾಳೆತೋಟದ್ದು, ಇಲ್ಲೇ ಅಲ್ಲವೇ ನಾನು ಮೊದಲ ಸಲ ಸ್ಟೇರಿಂಗ್ ಹಿಡಿದು ಅತ್ತದ್ದು, ಅತ್ತಿದ್ದಲ್ಲ ಕಿರುಚಿದ್ದು — ಇಡೀ ದೇಶವೇ ಬಲಗಡೆಯಿಂದ ಎಡಗಡೆಗೆ ಹೊರಳಿದ ವರ್ಷ ಅದು, ನಿನ್ನೆಯವರೆಗೆ ರಸ್ತೆಯ ಬಲಕ್ಕೆ ಓಡುತ್ತಿದ್ದ ಗಾಡಿಗಳೆಲ್ಲ ಒಂದು ಬೆಳಿಗ್ಗೆ ರೇಡಿಯೋದಲ್ಲಿ ನಿಲ್ಲಿ ಅಂದಾಗ ನಿಂತು, ಹೊರಡಿ ಅಂದಾಗ ಎಡಕ್ಕೆ ಸರಿದು ಹೊರಟವು, ಎಲ್ಲರೂ ಪ್ರಾರ್ಥನೆ ಹೇಳಿಕೊಂಡು. ಆಮೇಲೆ ಹೊಸ ಬಗೆಯ ಕಾರು ಬಂತು, ಸ್ಟೇರಿಂಗ್ ಬಲಕ್ಕಿರುವಂಥದ್ದು. ಮೊದಲ ದಿನ ಇಗರ್ಜಿಗೆ ಹೊರಟೆವು, ನಾನು ಇಪ್ಪತ್ತು ವರ್ಷದ ಅಭ್ಯಾಸದಂತೆ ಬಲಗಡೆ ಹತ್ತಿ ಕೂತೆ, ಲಾಫಾಯೆಲೆ ಎಡಗಡೆ ಹತ್ತಿ ಕೂತ, ನನ್ನ ಮುಂದೆ ಸ್ಟೇರಿಂಗು, ಅವನ ಮುಂದೆ ಬರೀ ಡಬ್ಬಿ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು, ಅವನು ಹೊಟ್ಟೆ ಹಿಡಿದು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಸರಿ ಮಹಾರಾಯ್ತಿ, ಕೂತಿದೀಯಲ್ಲ, ನೀನೇ ಓಡ್ಸು ಇನ್ನು. ತಮಾಷೆಗೆ ಅಂದದ್ದು, ನಾನು ಬಿಡಲಿಲ್ಲ. ಕಲಿಸಿದ. ಬೈದ. ಇದೇ ತಿರುವಿನಲ್ಲಿ, ಒತ್ತೇ, ಒತ್ತೇ, ಎಂದು ಕಿರುಚುತ್ತ ತಾನೇ ತನ್ನ ಬಲಗಾಲಿನಿಂದ ನೆಲ ಒತ್ತುತ್ತಿದ್ದ, ಅಲ್ಲಿ ಬ್ರೇಕಿಲ್ಲ ಕಣೋ, ನನ್ನ ಹತ್ರ ಇದೆ ಅಂದರೂ ಕೇಳುತ್ತಿರಲಿಲ್ಲ. ತೂತು. ಆ ತೂತು ಮತ್ತೆ ಕಣ್ಣಿಗೆ ಬಿತ್ತು. ತಿರುವಿನ ಬೆಳಕು ಓರೆಯಾಗಿ ಒಳಬಂದು ಅದರೊಳಗೆ ಏನೋ ಮಿರುಗಿತು.

ಇಲ್ಲೇ ನಿಲ್ಲಿಸೋಣ, ಗುಡ್ಡದ ನೆತ್ತಿ, ಮಂಜು ಮುಖಕ್ಕೆ ತಣ್ಣಗೆ ಹೊಡೆಯುತ್ತದೆ, ಬಾನೆಟ್ಟು ಎತ್ತಿದೆ, ಎಣ್ಣೆ ಕಡ್ಡಿ ಜೇನಿನ ಬಣ್ಣ, ಹಿಂದೆ ಹೊಗೆಯಿಲ್ಲ, ಕೆಳಗೆ ಮಲಗಿ ಬೆರಳಿಟ್ಟು ಚುಚ್ಚಿದೆ, ಗಟ್ಟಿ, ಗುಡ್ಡದ ಗಾಡಿ ಇದು, ಉಪ್ಪಿನ ಗಾಡಿಯಲ್ಲ, ಸಿಯಾವೋಸಿ ದಿನಾ ಸಂಜೆ ಸಿಹಿನೀರಿನಲ್ಲಿ ಇದರ ಹೊಟ್ಟೆ ತೊಳೆಯುತ್ತಿದ್ದನಂತೆ. ಕೊಳ್ಳುತ್ತೇನೆ, ಅನುಮಾನವೇ ಇಲ್ಲ, ಫೆರೇಟಿ ಭಾವ ಮುಖ ಊದಿಸಿಕೊಳ್ಳಲಿ, ಪಾದ್ರಿಗಳೇ ಬಂದು ಈ ಕಾರಿನ ಮೇಲೆ ಪ್ರಾರ್ಥನೆ ಹೇಳುತ್ತಾರೆ ನೋಡುತ್ತಿರು, ಹೊಸ ಗಾಡಿಗೆ ಆಶೀರ್ವಾದ ಕೊಡಲ್ಲ ಅನ್ನಲು ಅವರಿಗೆ ಬಾಯಿ ಬರುವುದಿಲ್ಲ, ಅದರ ಹಿಂದೆ ಹಂದಿಯೂಟ ಇರುತ್ತದಲ್ಲ. ಇನ್ನೊಂದೇ ಉಳಿಯಿತು. ಎಡಗಡೆ ಬಾಗಿಲು ತೆಗೆದು ಬಗ್ಗಿ ನೋಡಿದೆ. ಮ್ಯಾಟು ಹರಿದದ್ದಲ್ಲ, ಸವೆದದ್ದು, ಅಂಚು ನುಣ್ಣಗಾಗಿದೆ, ಮ್ಯಾಟಿನ ಕೆಳಗಿನ ಬಟ್ಟೆಯೂ ಸವೆದು ತಗಡು ಕಾಣುತ್ತದೆ, ತುಕ್ಕಿಲ್ಲ, ಚಮಚದ ಹಾಗೆ ಹೊಳೆಯುತ್ತಿದೆ. ಇಲ್ಲಿ ಯಾರು ಕೂರ್ತಿದ್ದಿದ್ದೋ ಏನೆಲಿಕೊ. ಅವನು ಕಿವಿ ಕೆರೆದುಕೊಳ್ಳಲಿಲ್ಲ, ರಸ್ತೆಯ ಆ ಕಡೆಗೆ ನೋಡಿದ. ಅಪ್ಪ, ಚಿಕ್ಕಮ್ಮ. ಕಣ್ಣು ಹೋದ್ಮೇಲೆ ಕೊನೇ ನಾಲ್ಕು ವರ್ಷ ನಾನೇ ಓಡ್ಸಿದ್ದು, ಆದ್ರೂ ದಿನಾ ಜೊತೆಗೆ ಬರೋರು, ಬ್ರೆಡ್ಡು ಎಣಿಸೋಕೆ ಅಂತ ನೆಪ. ಕಣ್ಣು ಕಾಣ್ದೆ ಇದ್ರೂ ಯಾವ ತಿರುವು ಬಂತು ಅಂತ ಗೊತ್ತಾಗೋದು, ನಾನು ಒತ್ತೋಕೆ ಮುಂಚೆ ಅವ್ರು ಒತ್ತೋರು. ಅಲ್ಲಿ ಏನಿದೆ ಅಂತ ಒತ್ತೀಯಪ್ಪಾ ಅಂದ್ರೆ, ನೀನಿದೀಯಲ್ಲೋ ಅನ್ನೋರು. ಈಸ್ಟರ್ ವಾರದಲ್ಲಿ ಹೋದ್ರಲ್ಲ. ಅದಕ್ಕೇ ಅವನು ಹಿಂದೆ ಕೂತದ್ದು, ಆ ಸೀಟಿನಲ್ಲಿ ಕೂರಲಾರದೆ. ಹೊಸ ಮ್ಯಾಟು ಹಾಕ್ಸಿ ಕೊಡ್ತೀನಿ ಚಿಕ್ಕಮ್ಮ, ಚೆನ್ನಾಗಿ ಕಾಣ್ಸಲ್ಲ ಅದು. ಬೇಡ ಕಣೋ, ಇರ್ಲಿ ಬಿಡು, ಮುಟ್ಟಬೇಡ ಅದನ್ನ.

ನಾಳೆಯ ಮಂಗಳವಾರ ಕಣ್ಣ ಮುಂದೆಯೇ ಇದೆ, ಬೆಳಿಗ್ಗೆ ಐದೂವರೆ, ಲಾಫಾಯೆಲೆಯ ಊರುಗೋಲು ಹಿಂದಿನ ಸೀಟಿನಲ್ಲಿ, ಅವನು ಎಡಗಡೆ, ನಾನು ಬಲಗಡೆ, ಕೊನೆಗೂ ಇಬ್ಬರೂ ನಮ್ಮ ನಮ್ಮ ಹಳೇ ಜಾಗದಲ್ಲೇ, ಬ್ರೆಡ್ಡಿನ ವಾಸನೆಗೆ ಹಸಿವಾಯ್ತು ಕಣೇ ಅನ್ನುತ್ತಾನೆ, ತಿನ್ನುವ ಹಾಗಿಲ್ಲ ಅನ್ನುತ್ತೇನೆ, ಎರಡನೇ ಗೇರು, ಏರು, ಬಾಳೆತೋಟದ ತಿರುವು ಬರುತ್ತದೆ — ಬಸ್ಸಿನಲ್ಲಿ ನೋಡಿದ್ದೇನಲ್ಲ, ನನ್ನ ಕೈ ಅವನ ತೊಡೆಯ ಮೇಲಿತ್ತು, ತಿರುವು ಬಂದಾಗಲೆಲ್ಲ ಆ ಬಲದೊಡೆ ಕಲ್ಲಿನ ಹಾಗೆ ಬಿಗಿಯುತ್ತಿತ್ತು, ಮಂಡಿಯ ಕೆಳಗೆ ಏನೂ ಇಲ್ಲ, ಆದರೂ ಒತ್ತುತ್ತಿದ್ದ, ಇಲ್ಲದ ಕಾಲಿನಿಂದ ಇಲ್ಲದ ಬ್ರೇಕನ್ನು, ಬಸ್ಸು ಕೇಳುತ್ತಿರಲಿಲ್ಲ, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಈ ಕಾರು ಕೇಳುತ್ತದೆ. ಒತ್ತೇ ಅಂತ ಅವನು ಹೇಳಬೇಕಾಗಿಯೂ ಇಲ್ಲ, ತೊಡೆ ಬಿಗಿಯುವುದು ಕಣ್ಣಂಚಿನಲ್ಲಿ ಕಂಡರೆ ಸಾಕು, ನನ್ನ ಕಾಲು ಇಲ್ಲಿ ಇಳಿಯುತ್ತದೆ, ಗಾಡಿ ನಿಧಾನವಾಗುತ್ತದೆ, ಅಲ್ಲಿ ಅವನ ಲಾವಲಾವಾದ ಅಂಚಿನ ಕೆಳಗೆ ಎಡಗಾಲಿನ ಒಂದು ಚಪ್ಪಲಿ, ಅದರ ಪಕ್ಕದಲ್ಲಿ, ಬಲಗಾಲು ಇರಬೇಕಾದ ಕಡೆ, ಆ ತೂತು, ಹಿಮ್ಮಡಿಯಗಲ, ಅದರೊಳಗೆ ಹೊಳೆಯುವ ತಗಡು, ತುಕ್ಕಿಲ್ಲದ ತಗಡು, ಆ ತೂತು —